ಓದಲೊಲ್ಲದ ತಟ್ಟೆ



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ರೇಡಿಯೋದಲ್ಲಿ ಮಾತನಾಡಲು ಬಂದರೆ ಪಂಪನನ್ನೋ ರಾಘವಾಂಕನನ್ನೋ ಕುರಿತು ಮಾತನಾಡಿಯಾನೆಂದು ನೀವು ಎಣಿಸುವುದು ಸಹಜ. ಆದರೆ ಇಂದು ನಾನು ಹೇಳಹೊರಟಿರುವುದು ಫ್ಲಾಪಿ ಎಂಬ ವಸ್ತುವಿನ ವಿಚಾರ. ಈಗಿನ ಮಕ್ಕಳು ಅದನ್ನು ಕಂಡಿಲ್ಲ. ಐದೂಕಾಲು ಅಂಗುಲದ ಚೌಕನೆಯ ಕಪ್ಪು ಲಕೋಟೆ. ಅದರೊಳಗೆ ಹಪ್ಪಳದಷ್ಟು ತೆಳುವಾದ, ಕಂದುಬಣ್ಣದ, ದುಂಡನೆಯ ಪ್ಲಾಸ್ಟಿಕ್ ತಟ್ಟೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಆ ತಟ್ಟೆಯ ಮೇಲೆ ಅಯಸ್ಕಾಂತದ ಗುರುತುಗಳಾಗಿ ಉಳಿಸಿ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾಗಿತ್ತು. ಹೋಗಬಹುದಾಗಿತ್ತೇನೋ ನಿಜ. ಆದರೆ ಹೋದ ಕಡೆ ಅದನ್ನು ಓದುವವರು ಸಿಕ್ಕುತ್ತಿದ್ದರೇ ಎಂಬುದು ಬೇರೆಯ ಮಾತು. ನನ್ನ ಮಾತೆಲ್ಲ ಆ ಬೇರೆಯ ಮಾತಿನದೇ.

ನನ್ನ ಊರು ಅರಕಲಗೂಡು ತಾಲ್ಲೂಕಿನ ಕೊಣನೂರು, ಕಾವೇರಿಯ ದಡದ ಊರು. ಸಮೀಪದ ಕಟ್ಟೇಪುರದಲ್ಲಿ ಹೊಳೆಗೆ ಅಡ್ಡಲಾಗಿ ಹಳೆಯ ಕಟ್ಟೆಯುಂಟು. ಅಲ್ಲಿಂದ ಹೊರಟ ಕಾಲುವೆಗಳ ನೀರಿನಿಂದ ಗದ್ದೆಬಯಲು ಬದುಕುತ್ತದೆ. ಮೇಲಿನ ಹೊಲಗಳಲ್ಲಿ ಹೊಗೆಸೊಪ್ಪು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಹಾಸನದಲ್ಲಿ ಉಪನ್ಯಾಸಕನಾಗಿ ಸೇರಿದ ಹೊಸದರಲ್ಲಿ, ನಮ್ಮ ಕಡೆಯ ಬೇಸಾಯದ ಮಾತುಗಳನ್ನೂ ನೀರಿನ ಮಾತುಗಳನ್ನೂ ಕೂಡಿಸಬೇಕೆಂಬ ಹಂಬಲ ನನಗೆ ಹತ್ತಿತು. ರಜೆ ಬಂತೆಂದರೆ ಕೊಣನೂರಿಗೆ ಬಂದು, ಕಣದಲ್ಲಿ, ಕಾಲುವೆಯ ಏರಿಯ ಮೇಲೆ ಕುಳಿತು ಚೀಟಿಗಳಲ್ಲಿ ಮಾತು ಗುರುತುಹಾಕಿಕೊಳ್ಳುತ್ತಿದ್ದೆ.

ನೀರಿನ ಮಾತುಗಳೆಲ್ಲ ಬಹುಮಟ್ಟಿಗೆ ಒಬ್ಬ ಮುದುಕರಿಂದ ಬಂದವು. ಅವರು ಒಂದು ಕಾಲದಲ್ಲಿ ನೀರುಗಂಟಿಯಾಗಿದ್ದವರು. ಕಾಲುವೆಯ ನೀರನ್ನು ಸರದಿಯ ಪ್ರಕಾರ ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದು ಅವರ ಬಾಯಲ್ಲಿತ್ತು. ತೂಬು, ಕೋಡಿ, ಮಡಿ, ಬದು ಎಂಬುವು ನಿಘಂಟಿನಲ್ಲಿ ಸಿಕ್ಕುತ್ತವೆ. ಅವರು ಹೇಳುತ್ತಿದ್ದುದು ಅವುಗಳ ಆಚೆಯವು: ಬದು ಒಡೆಯುವ ಮುನ್ನ ಒಸರುವ ನೀರಿಗೆ ಒಂದು ಹೆಸರು, ಒಡೆದ ಮೇಲೆ ಹರಿಯುವುದಕ್ಕೆ ಇನ್ನೊಂದು, ಕದ್ದು ತಿರುಗಿಸಿಕೊಂಡ ನೀರಿಗೆ ಮತ್ತೊಂದು. “ನೀರಿನ ಮಾತ ಕಾಗದದ ಮೇಲೆ ಬರ್ಕೊಂಡು ಏನ್ ಮಾಡ್ತೀರ ಮೇಷ್ಟ್ರೇ, ಒದ್ದೆಯಾಗ್ತದೆ” ಎಂದು ಅವರು ನಗುತ್ತಿದ್ದರು. “ಒದ್ದೆಯಾಗದ ಹಾಗೆ ಇಡ್ತೀನಿ ಅಜ್ಜ” ಎಂದು ನಾನು ಉತ್ತರ ಕೊಡುತ್ತಿದ್ದೆ.

ಆ ಮಾತನ್ನು ಉಳಿಸಿಕೊಳ್ಳುವ ಉಪಾಯ 1989ರಲ್ಲಿ ನನಗೆ ದೊರಕಿತೆಂದು ಭಾವಿಸಿದೆ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರು ಕೊಡುವ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತ್ತು. ಅದಕ್ಕಾಗಿ ಆರಿಸಿದ ಯಂತ್ರ ಬಿ.ಬಿ.ಸಿ. ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ಜಿನ ಏಕಾರ್ನ್ ಕಂಪೆನಿ 1981ರಲ್ಲಿ ಹೊರತಂದ ಯಂತ್ರ ಅದು. ಅಲ್ಲಿನ ಬಾನುಲಿ ಸಂಸ್ಥೆ ಜನರಿಗೆ ಕಂಪ್ಯೂಟರು ಕಲಿಸುವ ತನ್ನ ಕಾರ್ಯಕ್ರಮಕ್ಕೆ ಅದನ್ನು ಬಳಸಿದ್ದರಿಂದ ಆ ಹೆಸರು. ಅದರ ನೆನಪಿನ ಸಾಮರ್ಥ್ಯ ಒಟ್ಟು 32 ಕಿಲೋಬೈಟು, ಎಂದರೆ ಸುಮಾರು 32 ಸಾವಿರ ಅಕ್ಷರ. ಹಾಸನದ ಶಾಲೆಯೊಂದರಲ್ಲಿ ಅಂಥದೊಂದು ಯಂತ್ರವಿತ್ತು. ಅದರ ಉಸ್ತುವಾರಿ ನೋಡುತ್ತಿದ್ದ ಭೌತಶಾಸ್ತ್ರದ ಅಧ್ಯಾಪಕರು ನನ್ನ ಸ್ನೇಹಿತರು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಒಂದು ಗಂಟೆ ಯಂತ್ರ ನನ್ನ ವಶಕ್ಕೆ ಬರುತ್ತಿತ್ತು.

ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಆದ್ದರಿಂದ ಕನ್ನಡದ ಮಾತುಗಳನ್ನು ರೋಮನ್ ಲಿಪಿಯಲ್ಲಿ ಟೈಪು ಮಾಡಿದೆ. ಸಣ್ಣ ಎಲ್ ಒತ್ತಿದರೆ ಲಕಾರ, ದೊಡ್ಡ ಎಲ್ ಒತ್ತಿದರೆ ಳಕಾರ; ಹಾಗೆಯೇ ನಕಾರಕ್ಕೂ ಣಕಾರಕ್ಕೂ. ದೀರ್ಘಕ್ಕೆ ಸ್ವರವನ್ನು ಎರಡು ಸಲ ಒತ್ತುವುದು. ಕನ್ನಡದ ಅಧ್ಯಾಪಕನಿಗೆ ಇದು ಒಂದು ಬಗೆಯ ಅವಮಾನವೆಂದೇ ತೋರಿತು. ಆದರೂ ಎರಡು ತಿಂಗಳು ಕುಳಿತು ಎರಡು ಫ್ಲಾಪಿ ತುಂಬಿಸಿದೆ. ಒಂದರಲ್ಲಿ ಹೊಲದ ಮಾತು, ಇನ್ನೊಂದರಲ್ಲಿ ನೀರಿನ ಮಾತು. ತುಂಬಿಸಿ ಮುಗಿಸಿದ ದಿನ, ಇನ್ನು ಈ ಚೀಟಿಗಳೇಕೆಂದು ಕಟ್ಟುಕಟ್ಟಾಗಿ ಬಚ್ಚಲೊಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು.

ಆಮೇಲೆ ನನಗೆ ಅದನ್ನು ಅಚ್ಚುಮಾಡಿಸಿ ನೋಡುವ ಆಸೆ. ಶಾಲೆಯ ಯಂತ್ರಕ್ಕೆ ಮುದ್ರಕವಿರಲಿಲ್ಲ. ಅದೇ ಊರಿನ ಟೈಪಿಂಗ್ ಶಾಲೆಯೊಂದರಲ್ಲಿ ಪಿ.ಸಿ. ಎಂಬ ಹೊಸ ಬಗೆಯ ಕಂಪ್ಯೂಟರು ಬಂದಿತ್ತು. ಐ.ಬಿ.ಎಂ. ಕಂಪೆನಿಯ ಮಾದರಿಯನ್ನು ಅನುಸರಿಸಿ ಮಾಡಿದ್ದು. ಅಲ್ಲಿಯೂ ಐದೂಕಾಲು ಅಂಗುಲದ ಫ್ಲಾಪಿ, ಅದೇ ಕಪ್ಪು ಲಕೋಟೆ, ಅದೇ ಅಂಗಡಿಯಲ್ಲಿ ಕೊಂಡದ್ದು. ನನ್ನ ನೀರಿನ ಫ್ಲಾಪಿಯನ್ನು ಅದರ ಬಾಯಿಗಿಟ್ಟು ಅಗುಳಿ ಹಾಕಿದೆವು. ಯಂತ್ರ ಸ್ವಲ್ಪ ಹೊತ್ತು ಗೊರಗುಟ್ಟಿ, ಓದುವುದರಲ್ಲಿ ‘ಜನರಲ್ ಫೇಲ್ಯೂರ್’ ಎಂದು ತೆರೆಯ ಮೇಲೆ ಬರೆಯಿತು. ಮತ್ತೆ ಪ್ರಯತ್ನಿಸಲೇ, ಕೈಬಿಡಲೇ ಎಂದೂ ಕೇಳಿತು. ಮೂರು ಸಲ ಪ್ರಯತ್ನಿಸಿದ್ದಾಯಿತು.

ಯಂತ್ರದ ಮುಂದೆ ಕುಳಿತ ಹುಡುಗ ಒಳ್ಳೆಯವನು, ಉಪಕಾರಿ. “ಈ ಫ್ಲಾಪಿ ಫಾರ್ಮ್ಯಾಟ್ ಆಗಿಲ್ಲ ಸಾರ್, ಅದಕ್ಕೇ ಓದ್ತಾ ಇಲ್ಲ. ಫಾರ್ಮ್ಯಾಟ್ ಮಾಡಿಬಿಡಲಾ?” ಎಂದು ಕೇಳಿದ. ಮಾತಿನ ಅರ್ಥ ಗೊತ್ತಾಗದೆ ಮುಂದಿನ ಸಾಲಿಗೆ ಹೋಗಬೇಡಿರೆಂದು ತರಗತಿಯಲ್ಲಿ ದಿನವೂ ಹೇಳುತ್ತಿದ್ದ ನಾನು, ಆ ಮಾತಿನ ಅರ್ಥ ಕೇಳದೆ, “ಹೂಂ, ಮಾಡಪ್ಪ” ಎಂದೆ. ಫಾರ್ಮ್ಯಾಟ್ ಎಂದರೆ ಹೊಲವನ್ನು ಹೊಸದಾಗಿ ಉತ್ತು ಪಾತಿ ಕಟ್ಟುವುದು. ಇದ್ದ ಬೆಳೆ ಮಣ್ಣಿಗೆ ಸೇರುತ್ತದೆ. ಒಂದು ನಿಮಿಷದಷ್ಟು ಕಾಲ ಯಂತ್ರ ಸುತ್ತುಸುತ್ತಾಗಿ ಸದ್ದು ಮಾಡಿತು. ಆಮೇಲೆ ಫ್ಲಾಪಿ ಚೆನ್ನಾಗಿ ಓದಿಸಿಕೊಂಡಿತು. ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ಫ್ಲಾಪಿಯನ್ನು ನಾನು ಜೇಬಿನಿಂದ ಹೊರತೆಗೆಯಲಿಲ್ಲ. ನೇರವಾಗಿ ಭೌತಶಾಸ್ತ್ರದ ಸ್ನೇಹಿತರ ಮನೆಗೆ ಹೋದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಫ್ಲಾಪಿಯ ಅಂಚಿನಲ್ಲಿದ್ದ ಒಂದು ಸಣ್ಣ ಕಚ್ಚನ್ನು ತೋರಿಸಿದರು. ಫ್ಲಾಪಿಯ ಪೆಟ್ಟಿಗೆಯೊಳಗೆ ಬೆಳ್ಳಿಬಣ್ಣದ ಅಂಟುಚೀಟಿಗಳು ಇರುತ್ತಿದ್ದುವು. ಅವು ಅಲಂಕಾರಕ್ಕೆಂದು ನಾನು ತಿಳಿದಿದ್ದೆ. ಆ ಕಚ್ಚಿನ ಮೇಲೆ ಒಂದು ಚೀಟಿ ಅಂಟಿಸಿದ್ದರೆ ಆ ತಟ್ಟೆಯ ಮೇಲೆ ಯಾವ ಯಂತ್ರವೂ ಬರೆಯಲೊಪ್ಪುತ್ತಿರಲಿಲ್ಲ. ಉಗುರಿನಗಲದ ಕಾಗದ.

ಒಂದೇ ಅಳತೆಯ, ಒಂದೇ ಅಂಗಡಿಯ ಫ್ಲಾಪಿಯನ್ನು ಒಂದು ಯಂತ್ರ ಓದಿ ಇನ್ನೊಂದು ಏಕೆ ಓದಲಿಲ್ಲವೆಂಬುದನ್ನು ಆ ರಾತ್ರಿ ಅವರು ನನಗೆ ತಿಳಿಸಿಕೊಟ್ಟರು. ನಮ್ಮ ಹಿರಿಯರ ಕಾಲದ ಅಳತೆಯನ್ನು ನೆನೆದರೆ ಇದು ಕಷ್ಟವಲ್ಲ. ಪಾವು, ಸೇರು, ಕೊಳಗ ಎಂಬ ಹೆಸರುಗಳು ಎಲ್ಲೆಡೆಯೂ ಇದ್ದುವು. ಆದರೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯಲ್ಲಿ ಸಲ್ಲುತ್ತಿರಲಿಲ್ಲ. ಫ್ಲಾಪಿಯ ತಟ್ಟೆಯೂ ಹಾಗೆಯೇ. ಕೊಂಡಾಗ ಅದು ಬರಿಯ ಬಯಲು. ಅದರ ಮೇಲೆ ವೃತ್ತಾಕಾರದ ಸಾಲುಗಳನ್ನೂ, ಒಂದೊಂದು ಸಾಲಿನಲ್ಲಿ ಪಾತಿಗಳನ್ನೂ ಹಾಕುವುದು ಯಂತ್ರದ ಕೆಲಸ. ಆ ಬಿ.ಬಿ.ಸಿ. ಯಂತ್ರ ತಟ್ಟೆಯ ಒಂದೇ ಮಗ್ಗುಲಿನಲ್ಲಿ 40 ಸಾಲು ಹಾಕಿ, ಸಾಲಿಗೆ 10 ಪಾತಿ ಮಾಡಿ, ಪಾತಿಗೆ 256 ಅಕ್ಷರ ತುಂಬುತ್ತಿತ್ತು; ಒಟ್ಟು 1,02,400 ಅಕ್ಷರ. ಪಿ.ಸಿ.ಯು ಎರಡು ಮಗ್ಗುಲಲ್ಲಿಯೂ 40 ಸಾಲು ಹಾಕಿ, ಸಾಲಿಗೆ 9 ಪಾತಿ ಮಾಡಿ, ಪಾತಿಗೆ 512 ಅಕ್ಷರ ತುಂಬುತ್ತಿತ್ತು; ಒಟ್ಟು 3,68,640.

ಇದಲ್ಲದೆ ಬರವಣಿಗೆಯ ತಾಳದಲ್ಲಿಯೂ ವ್ಯತ್ಯಾಸವಿತ್ತು. ಬಿ.ಬಿ.ಸಿ. ಯಂತ್ರದ್ದು ಹಳೆಯ ಕ್ರಮ. ಅಕ್ಷರದ ಒಂದೊಂದು ಅಂಶಕ್ಕೂ ಮುಂದೆ ಒಂದು ತಾಳದ ಪೆಟ್ಟನ್ನು ತಪ್ಪದೆ ಹಾಕಿಕೊಂಡು ಹೋಗುತ್ತಿತ್ತು. ಪಿ.ಸಿ.ಯದು ಅನಾವಶ್ಯಕವಾದ ಪೆಟ್ಟುಗಳನ್ನು ಬಿಟ್ಟು, ಅದೇ ಜಾಗದಲ್ಲಿ ಎರಡರಷ್ಟು ತುಂಬುವ ಕ್ರಮ. ಒಂದು ತಾಳಕ್ಕೆ ಕಿವಿಗೊಟ್ಟು ಅಭ್ಯಾಸವಾದ ಯಂತ್ರಕ್ಕೆ ಇನ್ನೊಂದು ತಾಳ ಬರಿಯ ಗದ್ದಲವಾಗಿ ಕೇಳಿಸಿತು. ಗದ್ದಲ ಕೇಳಿದ ಯಂತ್ರ, ಇಲ್ಲಿ ಯಾರೂ ಏನೂ ಬರೆದಿಲ್ಲವೆಂದು ತೀರ್ಮಾನ ಮಾಡಿತು. ತನಗೆ ತಿಳಿಯದ ಭಾಷೆಯನ್ನು ಭಾಷೆಯೇ ಅಲ್ಲವೆನ್ನುವ ಮನುಷ್ಯರೂ ಇರುವುದರಿಂದ ಯಂತ್ರವನ್ನಷ್ಟೇ ದೂರುವುದು ಸರಿಯಲ್ಲ.

ಇದು ನಮ್ಮ ಹಾಸನದ ದೌರ್ಭಾಗ್ಯವೇನೂ ಆಗಿರಲಿಲ್ಲ. ಐದೂಕಾಲು ಅಂಗುಲದ ಫ್ಲಾಪಿ 1976ರಲ್ಲಿ ಅಮೆರಿಕದಲ್ಲಿ ಹುಟ್ಟಿದಂದಿನಿಂದ, ಮನೆಬಳಕೆಯ ಕಂಪ್ಯೂಟರು ಮಾಡಿದ ಪ್ರತಿಯೊಂದು ಕಂಪೆನಿಯೂ ತನ್ನ ತನ್ನ ಸೇರನ್ನೇ ಇಟ್ಟುಕೊಂಡಿತು. ಕಮೊಡೋರ್ 64ರ ಫ್ಲಾಪಿಯನ್ನು ಆ್ಯಪಲ್ ಓದದು, ಆ್ಯಪಲಿನದನ್ನು ಪಿ.ಸಿ. ಓದದು. ಒಂದೇ ಕಂಪೆನಿಯ ಎರಡು ಯಂತ್ರಗಳಲ್ಲಿಯೂ ತೊಡಕಿತ್ತು. 1984ರಲ್ಲಿ ಐ.ಬಿ.ಎಂ. ತಂದ ಹೊಸ ಯಂತ್ರದ ಬರೆಯುವ ಮೊನೆ ಸಪೂರ, ಹಳೆಯದರ ಮೊನೆ ಅಗಲ. ಹಳೆಯ ಯಂತ್ರದ ಫ್ಲಾಪಿಯ ಮೇಲೆ ಹೊಸದು ಬರೆದರೆ ಅಗಲವಾದ ಹಳೆಯ ಸಾಲಿನ ನಡುವೆ ಸಪೂರಾದ ಹೊಸ ಸಾಲು ಮೂಡುತ್ತಿತ್ತು. ಅಳಿಯದ ಹಳೆಯ ಬರಹ ಅಂಚಿನಲ್ಲಿ ಉಳಿಯುತ್ತಿತ್ತು. ಅದನ್ನು ಮತ್ತೆ ಹಳೆಯ ಯಂತ್ರಕ್ಕೆ ಕೊಟ್ಟರೆ ಎರಡೂ ಒಟ್ಟಿಗೆ ಕೇಳಿಸಿ ಅದಕ್ಕೆ ದಿಕ್ಕು ತೋರದು. ಅರ್ಧ ಕೆತ್ತಿಹಾಕಿ ಅದರ ಮೇಲೆಯೇ ಬರೆದ ಶಾಸನಗಳನ್ನು ಕಂಡವರಿಗೆ ಈ ಸಂಕಟ ಅರ್ಥವಾದೀತು.

ಫ್ಲಾಪಿ ಹಂಚಿಕೊಳ್ಳಲಾಗದ ಯಂತ್ರಗಳು ಒಂದಕ್ಕೊಂದು ಮಾತನಾಡಲಾರವೆಂದಲ್ಲ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ 1981ರಲ್ಲಿ ‘ಕರ್ಮಿಟ್’ ಎಂಬ ಒಂದು ಕ್ರಮವನ್ನು ರೂಪಿಸಿದ್ದರು. ಎರಡು ಯಂತ್ರಗಳ ನಡುವೆ ತಂತಿ ಎಳೆದು, ಒಂದು ಹೇಳಿದ್ದನ್ನು ಇನ್ನೊಂದು ಸರಿಯಾಗಿ ಕೇಳಿಸಿಕೊಂಡಿತೇ ಎಂದು ವಿಚಾರಿಸುತ್ತ, ತಪ್ಪಾಗಿದ್ದರೆ ಮತ್ತೆ ಹೇಳಿಸುತ್ತ, ಬರಹವನ್ನು ದಾಟಿಸುವ ಕ್ರಮ ಅದು. ನಮ್ಮ ಬಳಿ ಅದು ಇರಲಿಲ್ಲ. ಆದರೆ ಸ್ನೇಹಿತರು ಅದೇ ದಾರಿ ಹಿಡಿದರು. ಎರಡು ಯಂತ್ರಗಳ ಹಿಂಬದಿಯಲ್ಲಿಯೂ ತಂತಿ ಸೇರಿಸುವ ಕಿಂಡಿಯಿದೆ. ಫ್ಲಾಪಿಯ ವಿಷಯದಲ್ಲಿ ಒಮ್ಮತವಿಲ್ಲದಿದ್ದರೂ ಅಕ್ಷರದ ವಿಷಯದಲ್ಲಿ ಅವಕ್ಕೆ ಒಮ್ಮತವಿದೆ ಎಂದರು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಒಂದು ಒಪ್ಪಂದವಾಗಿತ್ತು. ರೋಮನ್ ಲಿಪಿಯ ದೊಡ್ಡ ‘ಎ’ಗೆ 65, ‘ಬಿ’ಗೆ 66, ಹೀಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕೆ. ಆ ಅಂಕೆಗಳನ್ನು ಎರಡು ಯಂತ್ರಗಳೂ ಒಪ್ಪಿದ್ದುವು.

ಒಂದು ಭಾನುವಾರ, ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ಟೈಪಿಂಗ್ ಶಾಲೆಯ ಪಿ.ಸಿ.ಯನ್ನು ಆಟೋರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಶಾಲೆಗೆ ತಂದೆವು. ಆ ಹುಡುಗನೂ ಬಂದಿದ್ದ. ನನಗಿಂತ ಹೆಚ್ಚಾಗಿ ಅವನೇ ನೊಂದಿದ್ದ. ಸ್ನೇಹಿತರು ಬೆಸುಗೆ ಹಾಕಿ ಮಾಡಿದ ಮೂರೆಳೆಯ ತಂತಿಯಿಂದ ಯಂತ್ರಗಳನ್ನು ಜೋಡಿಸಿದರು. ಕಳುಹಿಸುವುದಕ್ಕೊಂದು ಎಳೆ, ಕೇಳುವುದಕ್ಕೊಂದು ಎಳೆ, ಎರಡಕ್ಕೂ ಸಮಾನವಾದ ನೆಲದೊಂದು ಎಳೆ. ವೇಗ ಸೆಕೆಂಡಿಗೆ 120 ಅಕ್ಷರ. ನನ್ನ ಹೊಲದ ಮಾತುಗಳು ಸುಮಾರು 60 ಸಾವಿರ ಅಕ್ಷರ. ಎಂಟು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆ ಎಂಟು ನಿಮಿಷ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು.

ಮುಗಿದ ಮೇಲೆ ನೋಡಿದರೆ ತೆರೆಯ ಮೇಲೆ ಒಂದೇ ಸಾಲು! ಮತ್ತೆ ಎದೆ ನಡುಗಿತು. ಟೈಪುರೈಟರು ಬಲ್ಲವರಿಗೆ ಇದರ ಗುಟ್ಟು ಹೊಳೆಯುತ್ತದೆ. ಸಾಲು ಮುಗಿದಾಗ ಎರಡು ಕೆಲಸವಾಗಬೇಕು: ಬಂಡಿಯನ್ನು ಬಲಕ್ಕೆ ತಳ್ಳುವುದು, ಕಾಗದವನ್ನು ಒಂದು ಸಾಲು ಮೇಲೆತ್ತುವುದು. ಬಿ.ಬಿ.ಸಿ. ಯಂತ್ರ ಬಂಡಿ ತಳ್ಳುವ ಗುರುತನ್ನಷ್ಟೇ ಬರೆದಿಡುತ್ತಿತ್ತು; ಪಿ.ಸಿ. ಎರಡು ಗುರುತುಗಳನ್ನೂ ನಿರೀಕ್ಷಿಸುತ್ತಿತ್ತು. ಹೀಗಾಗಿ ನನ್ನ ಮಾತುಗಳೆಲ್ಲ ಒಂದರ ಮೇಲೊಂದು ಅಚ್ಚಾಗಿ ಕೊನೆಯ ಸಾಲಷ್ಟೇ ಕಾಣುತ್ತಿತ್ತು. ಕೊರತೆಯಾದ ಗುರುತನ್ನು ಸಾಲುಸಾಲಿಗೂ ಸೇರಿಸುವ ಆರು ಸಾಲಿನ ಪ್ರೋಗ್ರಾಮನ್ನು ಸ್ನೇಹಿತರು ಅಲ್ಲಿಯೇ ಬರೆದರು. ಹೊಲದ ಮಾತು ಬದುಕಿತು.

ಆ ವಾರವೇ ಕೊಣನೂರಿಗೆ ಹೋದೆ, ನೀರಿನ ಮಾತುಗಳನ್ನು ಮತ್ತೆ ಕೇಳಿ ಬರೆದುಕೊಳ್ಳೋಣವೆಂದು. ಅಜ್ಜ ಹಾಸಿಗೆ ಹಿಡಿದಿದ್ದರು, ಗುರುತು ಸಿಕ್ಕಲಿಲ್ಲ. 1990ರ ಸಂಕ್ರಾಂತಿಗೆ ಮುನ್ನ ತೀರಿಕೊಂಡರು. ಅವರಿಗೆ ಕೊಟ್ಟ ಮಾತು ಹಾಗೆಯೇ ಉಳಿಯಿತು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. 1996ರಲ್ಲಿ ನನ್ನ ಹೊಲದ ಮಾತುಗಳನ್ನು ಪುಸ್ತಕವಾಗಿ ತರಬೇಕೆಂದುಕೊಂಡೆ. ಅಷ್ಟರಲ್ಲಿ ಕಂಪ್ಯೂಟರಿಗೆ ಕನ್ನಡ ಬಂದಿತ್ತು. ಕೆ. ಪಿ. ರಾಯರಂಥ ವಿದ್ವಾಂಸರು ಕನ್ನಡದ ಧ್ವನಿಗೆ ಒಪ್ಪುವ ಕೀಲಿಮಣೆಯನ್ನು ರೂಪಿಸಿ, ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ಅಕ್ಷರಮಾಲೆಯನ್ನೆಲ್ಲ ಕೂರಿಸಿ ತೋರಿಸಿದ್ದರು. ರೋಮನ್ ಲಿಪಿಯ ಅವಮಾನ ತೊಲಗಿತೆಂದು ಸಂತೋಷಪಟ್ಟು ಎಲ್ಲವನ್ನೂ ಕನ್ನಡದಲ್ಲಿ ಮತ್ತೆ ಟೈಪು ಮಾಡಿಸಿದೆ. ಈ ಬಾರಿ ಫ್ಲಾಪಿ ಮೂರೂವರೆ ಅಂಗುಲದ್ದು, ಗಟ್ಟಿ ಚಿಪ್ಪಿನದು. ಅದನ್ನು ಮೈಸೂರಿನ ಒಂದು ಅಚ್ಚುಕೂಟಕ್ಕೆ ಕೊಂಡೊಯ್ದೆ. ಫ್ಲಾಪಿ ತೆರೆಯಿತು. ಕಡತವೂ ತೆರೆಯಿತು. ಆದರೆ ಕನ್ನಡವಿರಬೇಕಾದ ಕಡೆ ಪ್ರಶ್ನೆ ಚಿಹ್ನೆ, ಆವರಣ, ತಲೆಕೆಳಗಾದ ರೋಮನ್ ಅಕ್ಷರಗಳು ಸಂತೆ ನೆರೆದಿದ್ದುವು.

ಕಾರಣವಿಷ್ಟೆ. ಆ ಕಾಲದಲ್ಲಿ ಕನ್ನಡದ ತಂತ್ರಾಂಶ ಮಾಡಿದವರು ರೋಮನ್ ಅಕ್ಷರಗಳಿಗೆಂದು ಮೀಸಲಾಗಿದ್ದ ಅಂಕೆಗಳ ಜಾಗದಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತಮ್ಮ ಇಷ್ಟದಂತೆ ಇಟ್ಟುಕೊಂಡಿದ್ದರು. ಒಬ್ಬರ ಕಕಾರದ ಜಾಗದಲ್ಲಿ ಇನ್ನೊಬ್ಬರ ಏತ್ವ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಕ್ರಮವಿರಲೆಂದು 1991ರಲ್ಲಿ ‘ಇಸ್ಕಿ’ ಎಂಬ ರಾಷ್ಟ್ರೀಯ ಮಾನಕವೂ ಬಂದಿತ್ತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿತ್ತು. ಆದರೆ ಸ್ಥಾನ ದೊರೆತದ್ದು ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. 1998ರಲ್ಲಿ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡಿಗರು ಧಾರಾಳವಾಗಿ ಟೈಪು ಮಾಡತೊಡಗಿದ ಮೇಲೂ, ಯೂನಿಕೋಡಿಗೆ ಬದಲಾಗದ ಹಳೆಯ ಕಡತಗಳು ಮನೆಮನೆಯಲ್ಲಿ ಹಾಗೆಯೇ ಉಳಿದುವು. ನನ್ನ ಪುಸ್ತಕವನ್ನಂತೂ ಅಚ್ಚುಕೂಟದಲ್ಲಿ ಮೂರನೆಯ ಸಲ ಟೈಪು ಮಾಡಿದರು. ಯಾವುದನ್ನು ನೋಡಿಕೊಂಡು ಎನ್ನುತ್ತೀರಿ? ಅವಮಾನವೆಂದುಕೊಂಡಿದ್ದೆನಲ್ಲ, ಆ ರೋಮನ್ ಲಿಪಿಯ ಕಡತವನ್ನು ನೋಡಿಕೊಂಡು. ಅದು ಅಲ್ಲಿನ ಯಂತ್ರದಲ್ಲಿ ಕೂಡಲೆ ತೆರೆದುಕೊಂಡಿತ್ತು.

ಇದನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ ಬಿ. ಎಲ್. ರೈಸರು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವನ್ನು ತಂದರು. ಅದರಲ್ಲಿ ಶಾಸನಗಳ ಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು, ರೋಮನ್ ಲಿಪಿಯಲ್ಲಿಯೂ ಕೊಟ್ಟರು. ವಿದ್ಯಾರ್ಥಿಯಾಗಿದ್ದಾಗ ಈ ಎರಡನೆಯದು ಯಾರಿಗಾಗಿ ಎಂದು ನನಗೆ ಅನಿಸುತ್ತಿತ್ತು. ಈಗ ತಿಳಿಯುತ್ತದೆ: ತನ್ನ ಲಿಪಿ ಓದಲಾರದವನಿಗಾಗಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು; 1936ರಲ್ಲಿ ಡಾ. ಎಂ. ಎಚ್. ಕೃಷ್ಣರು ಅದನ್ನು ಬೆಳಕಿಗೆ ತಂದರು. ಕಲ್ಲು ಗಟ್ಟಿಯಾದುದರಿಂದ ಅದು ಉಳಿಯಿತೆಂದು ಹೇಳುತ್ತೇವೆ. ಕಲ್ಲು ಉಳಿಯಿತು, ನಿಜ. ಮಾತು ಉಳಿದದ್ದು ಆ ಕಾಲದ ಅಕ್ಷರಕ್ಕೂ ಈ ಕಾಲದ ಅಕ್ಷರಕ್ಕೂ ನಡುವೆ ಕೊಂಡಿ ಕಡಿಯದಂತೆ ನೋಡಿಕೊಂಡವರಿಂದ. ಓಲೆಗರಿ ಕಲ್ಲಿನಂತೆ ಬಾಳದು. ಆದರೂ ‘ಕವಿರಾಜಮಾರ್ಗ’ ನಮಗೆ ದಕ್ಕಿದೆ. ಒಂದು ಗರಿ ಹಾಳಾಗುವ ಮುನ್ನ ಇನ್ನೊಂದು ಗರಿಗೆ ಪ್ರತಿ ಮಾಡಿದ ಹೆಸರಿಲ್ಲದ ಲಿಪಿಕಾರರ ಪುಣ್ಯ ಅದು. ಫ್ಲಾಪಿಯ ಯುಗದಲ್ಲಿ ನಾವು ಪ್ರತಿ ಮಾಡುವ ಧರ್ಮವನ್ನು ಮರೆತು, ವಸ್ತುವನ್ನು ನಂಬಿದೆವು. ಆ ವಸ್ತುವಿನ ಆಯುಸ್ಸಾದರೂ ಎಷ್ಟು? ಫ್ಲಾಪಿಯನ್ನು ಹೆಚ್ಚಾಗಿ ತಯಾರಿಸುತ್ತಿದ್ದ ಜಪಾನಿನ ಸೋನಿ ಕಂಪೆನಿ 2011ರಲ್ಲಿ ಮಾರಾಟ ನಿಲ್ಲಿಸಿತು.

ಕಳೆದ ವರ್ಷ ಕೊಣನೂರಿನ ಮನೆಯ ಅಟ್ಟ ಗುಡಿಸುವಾಗ ಆ ಎರಡು ಕಪ್ಪು ಫ್ಲಾಪಿಗಳು ಮತ್ತೆ ಸಿಕ್ಕಿದುವು. ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ, “ಮಾವ, ಇವನ್ನ ನನಗೆ ಕೊಡಿ, ನೋಡ್ತೀನಿ” ಎಂದು ಕೊಂಡೊಯ್ದ. ಈಗ ಗ್ರೀಸ್‌ವೀಝಲ್ ಎಂಬ ವಿಚಿತ್ರ ಹೆಸರಿನ, ಅಂಗೈಗಿಂತ ಚಿಕ್ಕದಾದ ಒಂದು ಉಪಕರಣವಿದೆಯಂತೆ. ಸಾಲು ಪಾತಿಗಳ ಗೊಡವೆಗೆ ಹೋಗದೆ, ತಟ್ಟೆಯ ಮೇಲಿನ ಅಯಸ್ಕಾಂತದ ಏರುಪೇರುಗಳನ್ನು ಕಂಡಂತೆಯೇ ಎತ್ತಿಕೊಳ್ಳುವುದಷ್ಟೇ ಅದರ ಕೆಲಸ. ಅರ್ಥ ಮಾಡುವುದು ಆಮೇಲೆ. ಶಾಸನಶಾಸ್ತ್ರಜ್ಞರೂ ಹೀಗೆಯೇ ಮಾಡುತ್ತಾರೆ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಮಸಿ ತಟ್ಟಿ, ಮೊದಲು ಅಚ್ಚು ತೆಗೆಯುತ್ತಾರೆ. ಓದುವುದು ಮನೆಗೆ ಬಂದು.

ಹೊಲದ ಫ್ಲಾಪಿ ಮೂವತ್ತೈದು ವರ್ಷದ ಮೇಲೂ ಅಕ್ಷರ ಬಿಡದೆ ಓದಿಸಿಕೊಂಡಿತು. ನೀರಿನ ಫ್ಲಾಪಿಯೂ ಓದಿಸಿಕೊಂಡಿತು. ಅದರ ತುಂಬ ಒಂದೇ ಗುರುತು. ಫಾರ್ಮ್ಯಾಟ್ ಮಾಡುವಾಗ ಪಿ.ಸಿ. ಖಾಲಿ ಪಾತಿಗಳಿಗೆಲ್ಲ 246 ಎಂಬ ಒಂದೇ ಅಂಕೆಯನ್ನು ತುಂಬುತ್ತಿತ್ತು; ಆ ಕಾಲದ ಪಿ.ಸಿ.ಯ ಅಕ್ಷರಪಟ್ಟಿಯಲ್ಲಿ ಅದು ಭಾಗಾಕಾರದ ಚಿಹ್ನೆ. ನಡುವೆ ಒಂದು ಗೆರೆ, ಮೇಲೊಂದು ಕೆಳಗೊಂದು ಚುಕ್ಕೆ. ಅಳಿಯ ತನ್ನ ಯಂತ್ರದಲ್ಲಿ ಅದನ್ನು ಪುಟಪುಟವಾಗಿ ತೋರಿಸಿದ. ಸುಮಾರು ಮೂರೂವರೆ ಲಕ್ಷ ಭಾಗಾಕಾರದ ಚಿಹ್ನೆಗಳು. ಎಲ್ಲಾದರೂ ಒಂದು ಅಕ್ಷರ ಉಳಿದೀತೇ ಎಂದು ನಾನು ಕೊನೆಯ ಪುಟದ ತನಕ ನೋಡಿದೆ.

ನೆನಪಿನಿಂದ ಹನ್ನೊಂದು ಮಾತುಗಳನ್ನು ಬರೆದುಕೊಂಡಿದ್ದೇನೆ. ಯೂನಿಕೋಡಿನ ಕನ್ನಡದಲ್ಲಿ, ಯಾವ ಅಲಂಕಾರವೂ ಇಲ್ಲದ ಸರಳ ಕಡತದಲ್ಲಿ, ಮೂರು ಬೇರೆ ಬೇರೆ ಮನೆಗಳಲ್ಲಿ ಮೂರು ಪ್ರತಿ. ಆ ಅಜ್ಜನ ಬಾಯಲ್ಲಿ ಮುನ್ನೂರಕ್ಕೆ ಕಡಮೆಯಿರಲಿಲ್ಲ. ಕಟ್ಟೇಪುರದ ಕಾಲುವೆಗಳ ಬಯಲಿನಲ್ಲಿ, ರಾಮನಾಥಪುರದ ಕಡೆ, ಹೊಳೆಯ ಆಚೆ ಈಚೆ, ನೀರು ಕಟ್ಟಿದ ಹಿರಿಯರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಬದು ಒಡೆಯುವ ಮುನ್ನ ಒಸರುವ ನೀರಿಗೆ ನೀವು ಏನೆನ್ನುತ್ತೀರೆಂದು ಒಂದು ಕಾರ್ಡು ಬರೆದು ಈ ನಿಲಯಕ್ಕೆ ಹಾಕಿರಿ. ನನಗೆ ನೆನಪಾಗದೆ ಉಳಿದವುಗಳಲ್ಲಿ ಅದೊಂದು. ಚೀಟಿಯನ್ನು ಈ ಸಲ ಒಲೆಗೆ ಹಾಕುವುದಿಲ್ಲ.